ಡಬ್ಬಿಯಲ್ಲಿ ಬಂದ ಕಚ್ಚಾ ಹೊಲಿಗೆ

ಕೌದಿಗೆ ಈಗ ಮತ್ತೆ ಒಳ್ಳೇ ಕಾಲ ಬಂದಿದೆ. ವೀಕೆಂಡ್ ವರ್ಕ್‌ಶಾಪಿಗೆ ಹೋಗಿ ಬಂದವರು, ಅಮ್ಮನ ಸೀರೆಗೆ ಕತ್ತರಿ ಹಾಕೋ ಧೈರ್ಯ ಮಾಡಿದವರು, ಪಾಪು ಬರೋಕೆ ಮುಂಚೆ ಪುಟ್ಟದೊಂದು ಹೊದಿಕೆ ಹೊಲಿದಿಡಬೇಕು ಅಂತ ಹೊರಟವರು, ಎಲ್ಲರೂ ಕೊನೆಗೆ ನನ್ನನ್ನು ಕೇಳೋದು ಒಂದೇ ಪ್ರಶ್ನೆ. ಆ ಅಂಟಿನ ಸ್ಪ್ರೇ ತಗೊಳ್ಳಲಾ, ಬೇಡವಾ?

ಗೊತ್ತಿಲ್ಲದವರಿಗೆ ಹೇಳ್ತೀನಿ. ಕ್ವಿಲ್ಟ್ ಅನ್ನೋದು ಮೂರು ಪದರದ ಸ್ಯಾಂಡ್‌ವಿಚ್. ಮೇಲೆ ತುಂಡು ಜೋಡಿಸಿದ ಬಟ್ಟೆ, ಮಧ್ಯೆ ಬ್ಯಾಟಿಂಗ್ (ಕ್ರಿಕೆಟ್ಟಿನದ್ದಲ್ಲ, ಹತ್ತಿ ಅಥವಾ ಪಾಲಿಯೆಸ್ಟರಿನ ಮೆತ್ತನೆ ಹಾಸು), ಕೆಳಗೆ ಅಡಿಬಟ್ಟೆ. ಹೊಲಿಯುವಾಗ ಈ ಮೂರೂ ಜಾರದ ಹಾಗೆ ಹಿಡಿದಿಡಬೇಕು. ಅದಕ್ಕೇ ಕಚ್ಚಾ ಹಾಕೋದು: ಸುಮಾರು 4 ಇಂಚಿಗೊಂದು ಸಾಲು, ಉದ್ದುದ್ದ ಹೊಲಿಗೆ, ಆಮೇಲೆ ಬಿಚ್ಚೋಕೆ ಅಂತಲೇ ಹಾಕಿದ್ದು. ಇಲ್ಲಾಂದ್ರೆ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್. ಸ್ಪ್ರೇ ಈ ಎರಡಕ್ಕೂ ಬದಲಿ. ಫ್ರಾನ್ಸಿನ 505 ಅದರಲ್ಲಿ ಹೆಸರುವಾಸಿ, ಬೇರೆಯವೂ ಇವೆ. ಪೋಸ್ಟ್-ಇಟ್ ಚೀಟಿಯ ಹಿಂದಿರೋ ಅಂಟಿನ ಥರ, ಹಿಡಿಯುತ್ತೆ, ಎಳೆದ್ರೆ ಬಿಡುತ್ತೆ. ಸುಕ್ಕು ಬಿತ್ತಾ, ಎತ್ತಿ ಮತ್ತೆ ಹಾಸಿ. ಕೆಲಸ ಮುಗಿದ ಮೇಲೆ ಒಗೆದ್ರೆ ಹೋಗುತ್ತೆ.

ಒಪ್ಕೋತೀನಿ, ಒಳ್ಳೇ ಸಾಮಾನು. ಮೆಷಿನ್ನಲ್ಲಿ ಹೊಲಿಯೋರಿಗೆ ಪಿನ್ ಎದುರಾದಾಗಲೆಲ್ಲ ನಿಲ್ಲಿಸಿ ತೆಗೆಯೋ ರಗಳೆ ಇಲ್ಲ. ಮಂಡಿನೋವಿದ್ದು ನೆಲದ ಮೇಲೆ ಎರಡು ಗಂಟೆ ಅಂಬೆಗಾಲಿಡೋಕೆ ಆಗದವರಿಗೆ ಇದು ವರವೇ. ಗೋಡೆಗೆ ತೂಗುಹಾಕೋ ತುಂಡು, ಟೇಬಲ್ ಮ್ಯಾಟು, ಇಂಥದ್ದಕ್ಕೆ ಇನ್ನೇನು ಬೇಕು?

ನನ್ನ ತಕರಾರು ಶುರುವಾಗೋದು ಅದೇ ಡಬ್ಬಿಯನ್ನು ಕೌದಿಗೂ ಶಿಫಾರಸು ಮಾಡಿದಾಗ.

ಕೌದಿಯಲ್ಲಿ ಬ್ಯಾಟಿಂಗೇ ಇಲ್ಲ. ಅದರ ಹೊಟ್ಟೆಯಲ್ಲಿರೋದೂ ಹಳೇ ಸೀರೆ, ಧೋತರ, ಹರಿದ ಲುಂಗಿಯೇ. ಸ್ಪ್ರೇ ಹೊಡೆಯೋ ಒಳ್ಳೇ ಕ್ರಮ ಅಂದ್ರೆ ಬಟ್ಟೆಗಿಂತ ಬ್ಯಾಟಿಂಗಿಗೆ ಹೊಡೆಯೋದು. ನಾರುನಾರಾದ ಆ ಹಾಸು ಅಂಟನ್ನು ತನ್ನಲ್ಲೇ ಇಟ್ಟುಕೊಂಡು ಬಟ್ಟೆಯನ್ನು ಕಚ್ಚಿ ಹಿಡಿಯುತ್ತೆ. 20 ವರ್ಷ ಉಟ್ಟು, ಒಗೆದು, ಈರುಳ್ಳಿ ಸಿಪ್ಪೆಯಂತಾದ ಸೀರೆಗೆ ಹೊಡೆದ್ರೆ ಅಂಟು ಆಚೆ ಬದಿಗೆ ಇಳಿಯುತ್ತೆ. ನಾಲ್ಕು ಪದರ ಅಂದ್ರೆ ಮೂರು ಸಲ ಹೊಡೀಬೇಕು. ‘ಎತ್ತಿ ಮತ್ತೆ ಹಾಸಿ’ ಅನ್ನೋ ಅನುಕೂಲವೇ ಇಲ್ಲಿ ಅಪಾಯ. ಅಷ್ಟು ಸವೆದ ಬಟ್ಟೆಯನ್ನು ಅಂಟಿನಿಂದ ಎಳೆದಾಗ ಅಂಟಿಗಿಂತ ಮೊದಲು ಸೀರೆಯೇ ಬಿಟ್ಟುಕೊಂಡೀತು. ಹೊಸ ಬಟ್ಟೆಯಾದ್ರೆ ಅಂಗಡಿಗೆ ಹೋಗಿ ಇನ್ನೊಂದು ಮೀಟರ್ ತರಬಹುದು. ತೀರಿಕೊಂಡ ಅಜ್ಜಿಯ ಸೀರೆ ಯಾವ ಅಂಗಡೀಲಿ ಸಿಗುತ್ತೆ?

ಜೊತೆಗೆ ಕೌದಿ ಅಂದ್ರೆ ಕೈಹೊಲಿಗೆ. ದಪ್ಪ ದಾರ, ಒತ್ತೊತ್ತಾದ ರನ್ನಿಂಗ್ ಸ್ಟಿಚ್, ಸೂಜಿಗೆ ನಾಲ್ಕೈದು ಹೊಲಿಗೆ ಒಟ್ಟಿಗೆ ತಗೊಂಡು ಒಂದೇ ಎಳೆತಕ್ಕೆ ಎಳೆಯೋದು. ಅಂಟು ಜಾಸ್ತಿಯಾದ ಕಡೆ ಸೂಜಿ ಜಿಗುಟಾಗಿ ನಿಂತುಬಿಡುತ್ತೆ. ಮೆಷಿನ್ನಿಗೆ ಮೋಟಾರಿದೆ, ಬೆರಳಿಗಿಲ್ಲ.

ಅಸಲಿಗೆ, ಮೊದಲು ಪದರ ಹಿಡಿದಿಟ್ಟು ಆಮೇಲೆ ಹೊಲೀಬೇಕು ಅನ್ನೋ ಲೆಕ್ಕವೇ ಎಲ್ಲ ಕಡೆ ನಡೆಯಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯೋ ಕವಂದಿ ನೋಡಿ. ಅಡಿಗೊಂದು ಸೀರೆ ಹಾಸಿ, ಒಂದು ಮೂಲೆಯಿಂದ ಅಂಚು ಹಿಡಿದು ಶುರು ಮಾಡ್ತಾರೆ. ತುಂಡಿನ ಅಂಚು ಒಳಕ್ಕೆ ಮಡಚಿ, ಒಂದರ ಮೇಲೊಂದು ಚೂರು ಬರೋ ಹಾಗೆ ಇಡ್ತಾ, ಸುತ್ತುಸುತ್ತಾಗಿ ಹೊಲೀತಾ ಮಧ್ಯಕ್ಕೆ ಬಂದು ಮುಗಿಸ್ತಾರೆ. ತುಂಡು ಜೋಡಿಸೋದು, ಪದರ ಹಿಡಿಯೋದು, ಕ್ವಿಲ್ಟ್ ಮಾಡೋದು ಮೂರಕ್ಕೂ ಒಂದೇ ಹೊಲಿಗೆ. ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ‘ಫುಲಾ’. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಅಲ್ಲಿನ ಕ್ವಿಲ್ಟ್ ಹುಚ್ಚಿನವರು ಈಗ ಕವಂದಿ ಕಲಿಯೋಕೆ ದುಡ್ಡು ಕೊಟ್ಟು ಕ್ಲಾಸಿಗೆ ಸೇರ್ತಾರೆ. ನಾವು ಅಲ್ಲಿಂದ ಡಬ್ಬಿ ತರಿಸೋಕೆ ನೋಡ್ತೀವಿ. ಅದೂ ಸುಲಭ ಅಲ್ಲ ಬಿಡಿ. ಬೆಂಕಿ ಹತ್ತೋ ಏರೋಸಾಲ್ ಅದು, ಅಮೆರಿಕದಿಂದ ಬರೋ ಕಸಿನ್ ಸೂಟ್‌ಕೇಸಲ್ಲಿ ಹಾಕ್ಕೊಂಡು ಬರೋ ಹಾಗಿಲ್ಲ, ವಿಮಾನದಲ್ಲಿ ಬಿಡಲ್ಲ.

ಇನ್ನು ಜಾಗದ ಮಾತು. ಗಾಳಿಯಾಡೋ ಕಡೆ ಬಳಸಿ ಅಂತ ಡಬ್ಬಿ ಹೇಳುತ್ತೆ. 2 ಬಿಎಚ್‌ಕೆ ಫ್ಲ್ಯಾಟಿನ ಹಾಲ್‌ನಲ್ಲಿ ಫ್ಯಾನ್ ಹಾಕಿದ್ರೆ ಅಂಟಿನ ಮಂಜು ಸೋಫಾ ಮೇಲೆ, ಹಾಕದಿದ್ರೆ ಮೂಗಿನೊಳಗೆ. ಟೈಲ್ಸ್ ಮೇಲೆ ಬಿದ್ದದ್ದು ಮಾರನೇ ದಿನ ಕೆಲಸಕ್ಕೆ ಬರೋ ಅಕ್ಕನ ಪಾದಕ್ಕೆ ಅಂಟುತ್ತೆ, ಉಜ್ಜಬೇಕಾದವರೂ ಅವರೇ. ನಾವು ಉಳಿಸಿದ ಸಮಯ ಅವರ ಲೆಕ್ಕಕ್ಕೆ ಹೋಯ್ತು. ಮನೇಲಿ ಆಸ್ತಮಾ ಇರೋರಿದ್ರೆ ಯೋಚನೆಯೇ ಬೇಡ. ಬಳಸಲೇಬೇಕು ಅಂದ್ರೆ ಟೆರೇಸಿಗೆ ಹೋಗಿ, ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಸುಮಾರು 10 ಇಂಚು ದೂರದಿಂದ ತೆಳ್ಳಗೆ ಹೊಡೀರಿ. ಸ್ಟವ್ ಹತ್ರ ಖಂಡಿತ ಬೇಡ. ಕೂಸಿನ ಕೌದಿಯಾದ್ರೆ ಒಗೆಯದೆ ಹೊದಿಸಬೇಡಿ.

ಸ್ಪ್ರೇ ವಿಡಿಯೊಗಳಲ್ಲಿ ಕಚ್ಚಾ ಹಾಕೋದನ್ನು ‘ಬೋರಿಂಗ್ ಪಾರ್ಟ್’ ಅಂತ ಕರೆದು ಫಾಸ್ಟ್ ಫಾರ್ವರ್ಡ್ ಮಾಡ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ. ಯಾವ ಸೀರೆ ಎಲ್ಲಿ ಸೋತಿದೆ, ಎಲ್ಲಿ ಇನ್ನೊಂದು ತೇಪೆ ಬೇಕು ಅಂತ ಕೈಗೆ ಗೊತ್ತಾಗೋದು ಆಗಲೇ. 5 ಅಡಿಗೆ 7 ಅಡಿ ಬಟ್ಟೆ ಎಳೆದು ಹಿಡಿಯೋಕೆ ಆಚೆ ತುದಿಗೆ ಇನ್ನೊಬ್ರು ಕೂರಲೇಬೇಕು. ನಮ್ಮಮ್ಮ ಹಾಗೆ ಕೂತಿದ್ದ ಸಂಜೆಯೇ ನನಗೆ ಗೊತ್ತಾಗಿದ್ದು, ಆ ನೀಲಿ ಇಳಕಲ್ ಅಜ್ಜಿ ತಾನೇ ಸಂಪಾದಿಸಿದ ದುಡ್ಡಲ್ಲಿ ಕೊಂಡ ಮೊದಲನೇ ಸೀರೆ ಅಂತ. ಅಷ್ಟು ವರ್ಷ ಒಂದೇ ಮನೇಲಿದ್ರೂ ಆ ಮಾತು ಬಂದೇ ಇರಲಿಲ್ಲ.

“ನಾನು ಪಿಜಿಯಲ್ಲಿ ಒಬ್ಳೇ ಇರೋದು ಕಣೇ, ನನಗೆ ಆಚೆ ತುದಿ ಯಾರು ಹಿಡೀತಾರೆ?” ಅಂತ ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಅವಳಿಗೆ ಕವಂದಿಯ ಕ್ರಮವೇ ಸರಿ ಅಂದೆ. ಅಂಚಿಂದ ಶುರು ಮಾಡಿದ್ರೆ ಮಂಚದ ಮೇಲೆ, ಮಡಿಲಲ್ಲಿ ಇಟ್ಕೊಂಡೇ ಹೊಲೀಬಹುದು. ಅದು ಬೇಡ, ಕಚ್ಚಾನೇ ಹಾಕ್ತೀನಿ ಅಂದ್ರೆ ಭಾನುವಾರ ಮಧ್ಯಾಹ್ನ ಬಿಡುವಾಗಿರ್ತೀನಿ, ಒಂದು ತುದಿ ನಾನು ಹಿಡ್ಕೋತೀನಿ.