ಕೊಳಗ ಮರೆತ ಪಕ್ಷ

ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಬಂದದ್ದು 1978ರಲ್ಲಿ. ಅದರ ಕೃಷ್ಣಪ್ಪಗೌಡನ ಹಿಂದೆ ಶಾಂತವೇರಿ ಗೋಪಾಲಗೌಡರ ಬದುಕಿದೆ ಎಂಬುದು ಓದುಗರಿಗೆಲ್ಲ ಗೊತ್ತಿರುವ ಸಂಗತಿ. ಅದನ್ನು ನಾವು ರಾಜಕೀಯ ಕಾದಂಬರಿಯೆಂದೇ ಓದುತ್ತ ಬಂದಿದ್ದೇವೆ. ಮುಂಬೈಯಲ್ಲಿ ಕೂತು ಈಚೆಗೆ ಮತ್ತೆ ಓದಿದಾಗ ನನ್ನನ್ನು ಕಾಡಿದ ಪ್ರಶ್ನೆ ಸರಳವಾದದ್ದು: ಈ ರಾಜಕೀಯ ಕಾದಂಬರಿಯಲ್ಲಿ ಪಕ್ಷ ಎಲ್ಲಿದೆ?

ನಾಯಕನಂತೂ ಇದ್ದಾನೆ, ಮರೆಯಲಾಗದ ಹಾಗೆ ಇದ್ದಾನೆ. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದವನು ತನ್ನ ಇಡೀ ಬದುಕನ್ನು ತಿರುವಿ ನೋಡುತ್ತಾನೆ. ಗುತ್ತಿಗೆದಾರ ವೀರಣ್ಣನಂಥವರ ಉಪಕಾರ ಸದ್ದಿಲ್ಲದೆ ಹೇಗೆ ಮನೆಯೊಳಗೆ ಬಂದು ಕೂರುತ್ತದೆ ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಬರೆದ ಇನ್ನೊಂದು ಕನ್ನಡ ಕಾದಂಬರಿ ನನಗೆ ಗೊತ್ತಿಲ್ಲ. ಆದರೆ ಓದಿ ಮುಗಿಸಿದಾಗ ಒಂದು ಭಾವನೆ ಉಳಿಯುತ್ತದೆ: ಈ ಒಬ್ಬ ಮನುಷ್ಯ ಕೆಡದೆ ಉಳಿದರೆ ರಾಜಕಾರಣವೂ ಉಳಿದೀತು. ಕಾದಂಬರಿಗೆ ಇದು ತಪ್ಪಲ್ಲ, ವ್ಯಕ್ತಿಯ ಒಳಗನ್ನು ನೋಡುವುದು ಅದರ ಕೆಲಸ. ತೊಂದರೆ ಇರುವುದು ನಾವು ಅದನ್ನೇ ಇತಿಹಾಸವೆಂದು ನಂಬಿದ್ದರಲ್ಲಿ. ಸಮಾಜವಾದಿಗಳಿಂದ ಜನತಾ ಪರಿವಾರದವರೆಗಿನ ಕುಸಿತವನ್ನು ನಮ್ಮ ಲೇಖನಗಳೂ ಭಾಷಣಗಳೂ ನಾಯಕರ ಪತನದ ಕಥೆಯಾಗಿಯೇ ಹೇಳುತ್ತವೆ. ಹಾಗಾಗಿ ಪರಿಹಾರವೆಂದರೆ ಇನ್ನೊಬ್ಬ ಗೋಪಾಲಗೌಡರಿಗಾಗಿ ಕಾಯುವುದು.

ಗೋಪಾಲಗೌಡರನ್ನು ಗೋಪಾಲಗೌಡರನ್ನಾಗಿ ಮಾಡಿದ್ದಾದರೂ ಏನು? ಸಾಗರ ತಾಲೂಕಿನ ಕಾಗೋಡು, 1951. ಜಗಳದ ನಡುವೆ ಇದ್ದದ್ದು ಗೇಣಿಯ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದು ಎಂಬುದು ಗೇಣಿದಾರರ ದೂರು. ಅವರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರ ರೈತ ಸಂಘ ಮೊದಲು ಅಲ್ಲಿ ಬೇರೂರಿತ್ತು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಸಮಾಜವಾದವೆಂದರೇನು ಎಂದು ಕಾಗೋಡಿನ ರೈತನಿಗೆ ಯಾರೂ ಉಪನ್ಯಾಸ ಮಾಡಬೇಕಾಗಿರಲಿಲ್ಲ. ಅನ್ಯಾಯವನ್ನು ಕೈಯಲ್ಲಿ ಹಿಡಿದು ತೋರಿಸಬಹುದಾಗಿತ್ತು.

ಆ ಬೇಡಿಕೆಯನ್ನು ಈಡೇರಿಸಿದ್ದು ಎದುರಾಳಿ ಪಕ್ಷ. 1974ರಲ್ಲಿ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಗೋಪಾಲಗೌಡರು ಅದನ್ನು ನೋಡಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಅವರ ಗರಡಿಯಲ್ಲಿ ಬೆಳೆದ ಬಂಗಾರಪ್ಪ, ಕಾಗೋಡು ತಿಮ್ಮಪ್ಪ ಮುಂತಾದವರು ಕಾಂಗ್ರೆಸ್ಸಿಗೆ ಹೋದರು. ಇದನ್ನು ಪಕ್ಷಾಂತರವೆಂದು ಬೈಯುವುದು ಸುಲಭ. ಆದರೆ ಗೆದ್ದ ಬೇಡಿಕೆಯ ಮೇಲೆ ಪಕ್ಷ ಎಷ್ಟು ದಿನ ಬದುಕೀತು? ಅದಕ್ಕೆ ಮುಂದಿನ ಕೊಳಗ ಬೇಕಾಗಿತ್ತು.

ನಮ್ಮ ಮುಂಬೈಯಲ್ಲೂ ಇದೇ ಪಾಠ. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದ್ದು ಮಾತಿನ ಬಲವೊಂದರಿಂದಲೇ ಅಲ್ಲ. ಟ್ಯಾಕ್ಸಿ ಚಾಲಕರ, ನಗರಪಾಲಿಕೆ ಕಾರ್ಮಿಕರ ಯೂನಿಯನ್ನುಗಳಲ್ಲಿ ವರ್ಷಗಟ್ಟಲೆ ದುಡಿದ ನೆಲ ಅದು. ಆಮೇಲೆ ಆ ನೆಲ ಬಿಟ್ಟು ಪಕ್ಷ ಕೂಡಿಸುವ ಕಳೆಯುವ ಲೆಕ್ಕಕ್ಕೆ ಬಿತ್ತು. 1952ರಲ್ಲಿ ಪ್ರಜಾ ಸಮಾಜವಾದಿ, 1964ರಲ್ಲಿ ಸಂಯುಕ್ತ ಸಮಾಜವಾದಿ, 1977ರಲ್ಲಿ ಜನತಾ ಪಕ್ಷ, 1988ರಲ್ಲಿ ಜನತಾ ದಳ, 1999ರಲ್ಲಿ ಅದೂ ಎರಡು ಹೋಳು. ಸೇರುವಾಗ ನಾಯಕರು ಸೇರಿದರು, ಒಡೆಯುವಾಗ ನಾಯಕರು ಒಡೆದರು. ಹಳ್ಳಿಯಲ್ಲಿ ಬಾವುಟ ಕಟ್ಟುತ್ತಿದ್ದವನನ್ನು ಯಾರೂ ಕೇಳಲಿಲ್ಲ.

ಒಂದು ಅಪವಾದ ಇದೆ, ಅದನ್ನು ನಮ್ಮ ಸಾಹಿತ್ಯ ಹೆಚ್ಚು ಗಮನಿಸಿಲ್ಲ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಸಚಿವರಾದವರು ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎನ್ನಿಸಿಕೊಂಡರು. ಅದಕ್ಕಿಂತ ದೊಡ್ಡ ಕೆಲಸ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯಿದೆ. 1987ರ ಚುನಾವಣೆಯಲ್ಲಿ ಶೇಕಡಾ 25 ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿಗಿಂತ ಮುಂಚಿನ ಮಾತು ಇದು. ಪಕ್ಷ ತನ್ನ ಅಧಿಕಾರವನ್ನು ಕೆಳಗೆ ಹಂಚಿದ ಆ ಗಳಿಗೆ ನನಗೆ ಕೃಷ್ಣಪ್ಪಗೌಡನ ಒಳತೋಟಿಯಷ್ಟೇ ನಾಟಕೀಯವಾಗಿ ಕಾಣುತ್ತದೆ. ಅದನ್ನು ಯಾರಾದರೂ ಕಾದಂಬರಿಯಾಗಿ ಬರೆಯಬೇಕಿತ್ತು.

ಈಗಿನ ಸ್ಥಿತಿ ಎಲ್ಲರಿಗೂ ಗೊತ್ತಿದೆ. 1994ರಲ್ಲಿ ಜನತಾ ದಳಕ್ಕೆ 115 ಸ್ಥಾನ. 2023ರಲ್ಲಿ ಅದರ ಉಳಿಕೆಯಾದ ಜಾತ್ಯತೀತ ಜನತಾ ದಳಕ್ಕೆ 19. ಅದೇ ವರ್ಷ ಬಿಜೆಪಿಯೊಂದಿಗೆ ಮೈತ್ರಿ. ಸಿದ್ದರಾಮಯ್ಯನವರಂಥ ಹಳಬರು ಕಾಂಗ್ರೆಸ್ಸಿನಲ್ಲಿ. ಪಕ್ಷ ಒಂದು ಕುಟುಂಬದ್ದಾಯಿತು ಎನ್ನುವ ಟೀಕೆಯಲ್ಲಿ ಹುರುಳಿದೆ. ಆದರೆ ಕುಟುಂಬ ಬಂದು ಕೂರಲು ಜಾಗ ಖಾಲಿಯಾಗಿತ್ತು ಎಂಬುದನ್ನೂ ಹೇಳಬೇಕು. ಸದಸ್ಯತ್ವ, ಅಧ್ಯಯನ ಶಿಬಿರ, ಸ್ಥಳೀಯ ಘಟಕದ ಚುನಾವಣೆ ಇವೆಲ್ಲ ಸೊರಗಿದಲ್ಲಿ ರಕ್ತಸಂಬಂಧವೇ ಸಂಘಟನೆಯಾಗುತ್ತದೆ.

ಇಂಥ ಪಕ್ಷ ಮತ್ತೆ ಚಿಗುರೀತೇ? ಹೆಸರು ಅದೇ ಇರಬೇಕೆಂದೇನೂ ಇಲ್ಲ. ಆದರೆ ದಾರಿ ಕಾಗೋಡಿನದೇ: ಮೊದಲು ಸಂಘ, ಆಮೇಲೆ ಪಕ್ಷ, ಕೊನೆಗೆ ನಾಯಕ. ಇಂದಿನ ಕೊಳಗ ಭತ್ತ ಅಳೆಯುವುದಿಲ್ಲ. ಮನೆಬಾಗಿಲಿಗೆ ಊಟ ತರುವ ಹುಡುಗನ ಮೊಬೈಲಿನಲ್ಲಿ ದಿನದ ಗಳಿಕೆ ಲೆಕ್ಕ ಹಾಕುತ್ತದೆ. ಅಳತೆ ಹೇಗೆ ಎಂದು ಅವನು ಕೇಳಿದರೆ ಉತ್ತರಿಸುವವರಿಲ್ಲ. ನಮ್ಮಲ್ಲೇ ಗುತ್ತಿಗೆಯ ಮೇಲೆ ದುಡಿಯುವ ಎಂಜಿನಿಯರನಿಗೂ ತನ್ನ ಅಳತೆ ಯಾರ ಕೈಯಲ್ಲಿದೆ ಎಂದು ತಿಳಿಯದು. ಈ ಇಬ್ಬರನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿ ಅಳತೆಯ ಲೆಕ್ಕ ಕೇಳಿಸುವವರು ಯಾರೋ, ಆ ಪಕ್ಷ ಅಲ್ಲಿಂದ ಶುರುವಾಗುತ್ತದೆ.