ಬಯಲ ಸಂಗ್ರಹಾಲಯವನ್ನು ನೋಡುವ ಬಗೆ

ಹೂವಿನ ಹಿಪ್ಪರಗಿಯಿಂದ ಹೊರಟು, ಹುಬ್ಬಳ್ಳಿಯ ಮಾರ್ಗವಾಗಿ ದಕ್ಷಿಣಕ್ಕೆ ಸಾಗಿ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿಯ ಮಗ್ಗುಲಿಗಿರುವ ಉತ್ಸವ ರಾಕ್ ಗಾರ್ಡನ್ನನ್ನು ಹೊಕ್ಕ ನಮ್ಮ ಸೀಮೆಯ ಜನರಲ್ಲಿ ಕೆಲವರು ಪ್ರತಿಮೆಗಳ ಪಕ್ಕದಲ್ಲಿ ನಿಂತು ಛಾಯಾಚಿತ್ರ ತೆಗೆಸಿಕೊಂಡು ಗಳಿಗೆಯೊಳಗೆ ಹೊರಬರುವರು, ಮತ್ತೆ ಕೆಲವರು "ಇದೆಲ್ಲಾ ನಮ್ಮೂರಾಗ ಇದ್ದದ್ದಽ ಐತಿ, ಇದರಾಗ ನೋಡೂದೇನೈತಿ?" ಎಂದು ಕಣ್ಣು ಹಾಯಿಸಿ ಮುಂದೆ ನಡೆಯುವರು. ರಂಟಿ ಕುಂಟಿಗಳನ್ನು ಕಂಡು ಬೆಳೆದ ಇವರಿಗೆ ಆ ಸ್ಥಳವು ತೆರೆದುಕೊಳ್ಳುವಷ್ಟು ಪರಸ್ಥಳದವರಿಗೆ ತೆರೆದುಕೊಳ್ಳಲಾರದು. ಆದಕಾರಣ ಅವರನ್ನುದ್ದೇಶಿಸಿಯೇ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಜನಜೀವನವನ್ನು ಗೋಡೆಗಳ ನಡುವಿನ ಗಾಜಿನ ಪೆಟ್ಟಿಗೆಯಿಂದ ಬಿಡಿಸಿ ಬಯಲಿಗೆ ತಂದು ನಿಲ್ಲಿಸುವ ಪದ್ಧತಿಗೆ ಸ್ವೀಡನ್ ದೇಶದ ಆರ್ಥರ್ ಹಾಸೆಲಿಯಸ್ ಎಂಬಾತನು 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ಸ್ಕಾನ್ಸೆನ್ ಮೇಲ್ಪಂಕ್ತಿಯಾಯಿತು. ಅಲ್ಲಿ ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಿದ್ದಲ್ಲದೆ, ಆ ಕಾಲದ ಉಡುಪಿನಲ್ಲಿ ಮನುಷ್ಯರೇ ಕೆಲಸ ಮಾಡಿ ತೋರಿಸುವರು. ನಮ್ಮ ನಾಡಿನಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಗೃಹಕೃತ್ಯದ, ಬೇಸಾಯದ, ಬಯಲಾಟದ ವಸ್ತುಗಳು ಪ್ರಧಾನ. ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ನಿರ್ಮಿಸಿದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮನೆಗಳೇ ಪ್ರಧಾನ, ನಮಗೆ ನೆರೆಯದಾದ ಮುಧೋಳದ ಅರಮನೆಯ ದರ್ಬಾರು ಸಭಾಂಗಣವೂ ಅಲ್ಲಿಗೆ ಸೇರಿದೆ. ಗೊಟಗೋಡಿಯಲ್ಲಾದರೋ ಪ್ರಧಾನವಾದುದು ದುಡಿಯುವ ದೇಹ. ದೊಡ್ಡಾಟದ ಏಳಿಗೆಗೂ ಶ್ರಮಿಸಿದ ಚಿತ್ರಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಉತ್ತರ ಕರ್ನಾಟಕದ ಒಂದು ಹಳ್ಳಿಯನ್ನೇ ಆಳೆತ್ತರದ ಸಾವಿರಕ್ಕೂ ಮಿಕ್ಕ ಶಿಲ್ಪಗಳಲ್ಲಿ ಅಲ್ಲಿ ನೆಲೆಗೊಳಿಸಿದರು.

ಚಲಿಸದ ಪ್ರತಿಮೆಗಳಿಂದ ಜೀವನವನ್ನು ತೋರಿಸುವುದು ನ್ಯೂನತೆಯಲ್ಲವೆ ಎಂದು ಕೇಳುವವರುಂಟು. ನನ್ನ ಎಣಿಕೆಯಲ್ಲಿ ಅದೇ ಈ ಸ್ಥಳದ ವಿಶೇಷ. ಕುಲುಮೆಯ ಮುಂದೆ ಕುಳಿತ ಕಮ್ಮಾರನ ಕೈಯನ್ನು, ಅವನು ಜೀವಂತನಾಗಿದ್ದಲ್ಲಿ, ನಾವು ಎವೆಯಿಕ್ಕದೆ ನೋಡುತ್ತ ನಿಲ್ಲಲಾರೆವು. ಅವನ ಸಂಕೋಚವೂ ನಮ್ಮ ದಾಕ್ಷಿಣ್ಯವೂ ಅದಕ್ಕೆ ಅಡ್ಡಬರುವುವು. ನೂರಾರು ವರ್ಷ ನಮ್ಮ ಹಳ್ಳಿಗಳಲ್ಲಿ ಕೆಲಸದ ಫಲವನ್ನು ಎಲ್ಲರೂ ಕಂಡರೇ ಹೊರತು ಕೆಲಸ ಮಾಡುವ ದೇಹವನ್ನು ಯಾರೂ ಅವಲೋಕಿಸಲಿಲ್ಲ. ಪ್ರತಿಮೆಯು ಆ ಅವಕಾಶವನ್ನು ಕೊಡುತ್ತದೆ. ಎಲ್ಲವನ್ನೂ ನೋಡಿ ಮುಗಿಸುವ ಆತುರವನ್ನು ತೊರೆದು, ಒಂದೇ ಕಸುಬಿನ ಗುಂಪಿನ ಮುಂದೆ ನಿಲ್ಲಿರಿ. ಮುಖವನ್ನು ಕಡೆಗೆ ನೋಡತಕ್ಕದ್ದು. ಮೊದಲು ಪಾದಗಳನ್ನು ನೋಡಿ, ದೇಹದ ಭಾರವು ಯಾವ ಕಾಲಿನ ಮೇಲಿದೆಯೆಂಬುದನ್ನು ಗುರುತಿಸಿ, ಅಲ್ಲಿಂದ ಸೊಂಟಕ್ಕೆ, ಹೆಗಲಿಗೆ, ಮುಂಗೈಗೆ ದೃಷ್ಟಿಯನ್ನು ಏರಿಸಿ, ಆ ಬಲವು ಯಾವ ದಾರಿಯಲ್ಲಿ ಹರಿದು ಉಪಕರಣವನ್ನು ಮುಟ್ಟುತ್ತದೆಂಬುದನ್ನು ಅನುಸರಿಸಿರಿ. ಶಿಲ್ಪಿಯು ಗೆದ್ದನೋ ಸೋತನೋ ಎಂಬ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲನ್ನು ನಾನರಿಯೆ. ಕೈಯಲ್ಲಿರುವ ಭಾರವು ಕಾಲಿಗೆ ತಿಳಿಯದಿದ್ದರೆ ಆ ಶಿಲ್ಪ ಬರಿಯ ಗೊಂಬೆ.

ಡೋಣಿ ಸೀಮೆಯ ಕರಿನೆಲದವರಾದ ನಾವು ಬಿತ್ತನೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿ ಪ್ರಶ್ನಿಸಬಲ್ಲೆವು. ಹಿಂಗಾರಿಯ ಬಿಳಿಜೋಳವನ್ನು ಬಿತ್ತುವಾಗ ಕೂರಿಗೆಯ ಹಿಂದೆ ಉಡಿತುಂಬ ಬೀಜ ಕಟ್ಟಿಕೊಂಡು ನಡೆಯುವ ಹೆಣ್ಣುಮಗಳು ಬಟ್ಟಲಿಗೆ ಬಿಡುವ ಕಾಳು ಬಿದಿರಿನ ನಳಿಕೆಗಳಲ್ಲಿಳಿದು ನೆಲವನ್ನು ಸೇರುವುದು. ಎತ್ತಿನ ನಡಿಗೆಯ ವೇಗಕ್ಕೆ ಸರಿಯಾಗಿ ಮುಷ್ಟಿಯನ್ನು ಸಡಿಲಿಸಿದಲ್ಲಿ ಮಾತ್ರ ಬೆಳೆಯು ಸಮನಾಗಿ ಏಳುವುದು. ಕೈ ತಪ್ಪಿದಲ್ಲಿ ಒಂದೆಡೆ ಒತ್ತು, ಇನ್ನೊಂದೆಡೆ ಬಯಲು. ಆ ಮುಷ್ಟಿಯ ಹದವೇ ಒಂದು ಕುಟುಂಬದ ವರ್ಷದ ಅನ್ನವಾಗಿತ್ತೆಂಬುದನ್ನು ನೆನೆದು ಬೇಸಾಯದ ಶಿಲ್ಪಗಳ ಮುಂದೆ ನಿಂತವನಿಗೆ, ಬೆರಳುಗಳ ನಡುವಿನ ಸಂದು ಕೂಡ ಅರ್ಥವತ್ತಾಗಿ ತೋರುವುದು.

ಅಲ್ಲಿ ಕಾಣದಿರುವುದನ್ನು ಮನಸ್ಸಿನಿಂದ ತುಂಬಿಕೊಳ್ಳುವುದೂ ರಸಿಕನ ಕರ್ತವ್ಯವೇ. ಕಣದ ನಡುವೆ ಮೇಟಿಯನ್ನು ನೆಟ್ಟು, ಅದರ ಸುತ್ತ ಎತ್ತುಗಳ ಹಂತಿಯನ್ನು ತಿರುಗಿಸುತ್ತ, ನಿದ್ದೆಯನ್ನು ದೂರಮಾಡಲೆಂದು ರಾತ್ರಿಯಿಡೀ ಹಾಡುತ್ತಿದ್ದ ಹಂತಿಪದಗಳ ದನಿಯನ್ನು ಸಿಮೆಂಟು ಹಿಡಿಯಲಾರದು. ಜೋಳವನ್ನು ಸಂಗ್ರಹಿಸುತ್ತಿದ್ದ ಹಗೇವು ನೆಲದೊಳಗಿನ ಶೂನ್ಯ. ಒಳಗಿನ ಕೆಟ್ಟ ಗಾಳಿಗೆ ಪ್ರಾಣಹಾನಿಯಾದೀತೆಂದು ಉರಿಯುವ ದೀಪವನ್ನು ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದನೆಂಬ ಭಯವನ್ನು ಯಾವ ಪ್ರದರ್ಶನವೂ ತೋರಿಸಲಾರದು.

ಇನ್ನೊಂದು ವಿಷಯವನ್ನು ಮುಚ್ಚಿಡಲಾಗದು. ಸುಂದರವಾದ ಹಳ್ಳಿಯೊಂದನ್ನು ಕಂಡೊಡನೆ ಹಿಂದಿನ ಕಾಲವೆಲ್ಲ ಸುಖಮಯವಾಗಿತ್ತೆಂಬ ಭ್ರಾಂತಿಯು ಸುಲಭವಾಗಿ ಕವಿಯುತ್ತದೆ. ಗೌಡರ ಮನೆಯ ಪಡಸಾಲೆಯಲ್ಲಿ ನಿಂತಾಗ, ಇದರ ಹೊಸ್ತಿಲನ್ನು ದಾಟಲು ಯಾರಿಗೆ ಅಪ್ಪಣೆಯಿರಲಿಲ್ಲ, ಊರ ಬಾವಿಯಿಂದ ಯಾರು ನೀರು ಸೇದಕೂಡದಾಗಿತ್ತು, ಕೋಳಿ ಕೂಗುವ ಮೊದಲೇ ಬೀಸುವ ಕಲ್ಲಿನ ಮುಂದೆ ಕುಳಿತವಳು ದಿನದಲ್ಲಿ ಎಷ್ಟು ಹೊತ್ತು ಬೆನ್ನು ನೆಟ್ಟಗೆ ಮಾಡುತ್ತಿದ್ದಳು ಎಂದು ಕೇಳಿಕೊಳ್ಳಲೇಬೇಕು. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ನೆರೆಯಲ್ಲಿ ಬಾಳುವ ನಾವು, ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯರ ಹೆಸರುಗಳಲ್ಲಿ ಕಾಯಕವನ್ನೂ ಅವಮಾನದ ವಿರುದ್ಧದ ಹೋರಾಟವನ್ನೂ ಒಟ್ಟಿಗೆ ಕೇಳಿ ಬೆಳೆದವರು. ಚಮ್ಮಾರನ ಪ್ರತಿಮೆಯನ್ನು ಬರಿಯ ಚೆಲುವಿನ ವಸ್ತುವಾಗಿ ನೋಡುವ ಹಕ್ಕು ನಮಗಿಲ್ಲ.

ಹೋಗುವ ಕಾಲದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ: ಚಳಿಗಾಲದ ಬೆಳಗಿನ ಓರೆಬಿಸಿಲಿನಲ್ಲಿ ಶಿಲ್ಪದ ಸ್ನಾಯುಗಳು ಸ್ಪಷ್ಟವಾಗುವುವು, ಬೇಸಗೆಯ ನಡುಹಗಲಿನಲ್ಲಿ ಎಲ್ಲವೂ ಚಪ್ಪಟೆಯಾಗಿ ತೋರುವುವು. ಆದರೆ ಜೊತೆಗಾರರ ಆಯ್ಕೆಯಲ್ಲಿ ಉದಾಸೀನ ಸಲ್ಲದು. ಕೂರಿಗೆ ಹಿಡಿದ ಅಜ್ಜನನ್ನು, ಕೂರಿಗೆಯ ಹಿಂದೆ ನಡೆದ ಅಮ್ಮನನ್ನು, ಮೊಮ್ಮಕ್ಕಳೊಡನೆ ಅವಶ್ಯವಾಗಿ ಕರೆದೊಯ್ಯಿರಿ. ಅವರು ನಿಂತಲ್ಲಿ ನಿಲ್ಲಿರಿ. "ಹಿಂಗಲ್ಲೋ ತಮ್ಮಾ, ಕೈ ಇನ್ನಷ್ಟು ಕೆಳಗಿರಬೇಕು" ಎಂದು ಹಿರಿಯರು ಶಿಲ್ಪವನ್ನು ತಿದ್ದತೊಡಗಿದರೆ ಅದನ್ನು ಮುದಿತನದ ಹಟವೆಂದು ಬಗೆಯದೆ, ಕೈ ಎಲ್ಲಿರಬೇಕು, ಏಕಿರಬೇಕು, ಜೋಳಕ್ಕೆ ಎಷ್ಟು ತಾಳಿನ ಕೂರಿಗೆ, ಕಡಲೆಗೆ ಎಷ್ಟು, ಬಿತ್ತುವ ದಿನ ಎತ್ತುಗಳ ಬಲಕ್ಕೆ ಯಾವುದು ಎಡಕ್ಕೆ ಯಾವುದು ಎಂಬುದನ್ನೆಲ್ಲ ಅಲ್ಲಿಯೇ ಕೇಳಿ, ಹೇಳಿದವರ ಹೆಸರಿನೊಡನೆ ಬರೆದಿಟ್ಟುಕೊಳ್ಳಿರಿ.