ನೌಕರಿಯ ಹುಡುಕಾಟವೂ ನಮ್ಮ ಕಾದಂಬರಿಗಳೂ

ಕಾದಂಬರಿಯು ಜನಜೀವನದ ಕನ್ನಡಿಯೆಂಬ ಮಾತನ್ನು ನಾವು ಶಿಕ್ಷಕರು ತರಗತಿಗಳಲ್ಲಿ ಮೇಲಿಂದ ಮೇಲೆ ಹೇಳುತ್ತ ಬಂದಿದ್ದೇವೆ. ಆ ಮಾತು ನಿಜವಾಗಿದ್ದಲ್ಲಿ, ಜನರ ಬಾಳಿನಲ್ಲಿ ಯಾವುದು ಬಹುಕಾಲವನ್ನು ನುಂಗುವುದೋ ಅದು ಕನ್ನಡಿಯಲ್ಲಿಯೂ ಅಷ್ಟೇ ದೊಡ್ಡದಾಗಿ ಕಾಣಬೇಕಷ್ಟೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮನೆಗಳಲ್ಲಿ ಇಂದು ಬೀಗರು ಬಂದರೂ ನೆರೆಯವರು ಬಂದರೂ ಮೊದಲು ಹೊರಡುವ ಪ್ರಶ್ನೆ ಒಂದೇ: ಹುಡುಗನಿಗೆ ನೌಕರಿ ಹತ್ತಿತೇ? ಹುಡುಗಿಯ ಹೆಸರು ಯಾದಿಯಲ್ಲಿ ಬಂದಿತೇ? ಕಲಿತವರ ಬಾಳಿನ ಐದಾರು ವರ್ಷಗಳು ಈ ಪ್ರಶ್ನೆಗೆ ಉತ್ತರ ಹೇಳುವುದರಲ್ಲಿಯೇ ಕಳೆದುಹೋಗುತ್ತವೆ. ಈ ಹುಡುಕಾಟವನ್ನು ಕನ್ನಡ ಕಾದಂಬರಿಯು ಎಷ್ಟರಮಟ್ಟಿಗೆ ಕಂಡಿದೆಯೆಂಬುದನ್ನು ಮೂರು ಪ್ರಸಿದ್ಧ ಕೃತಿಗಳ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೂರು ಕೃತಿಗಳಾವುವೆಂದರೆ: ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’, ಎಂ. ಆರ್. ಶ್ರೀನಿವಾಸಮೂರ್ತಿಗಳ ‘ರಂಗಣ್ಣನ ಕನಸಿನ ದಿನಗಳು’, ಯಶವಂತ ಚಿತ್ತಾಲರ ‘ಶಿಕಾರಿ’. ಇವು ಮೂರೂ ಒಂದೇ ಜಾತಿಯವಲ್ಲ. ಮೊದಲನೆಯದರಲ್ಲಿ ನೌಕರಿ ಸಿಗದವನಿದ್ದಾನೆ. ಎರಡನೆಯದರಲ್ಲಿ ಬಯಸಿದ ನೌಕರಿ ಸಿಕ್ಕಿದವನಿದ್ದಾನೆ. ಮೂರನೆಯದರಲ್ಲಿ ಇದ್ದ ನೌಕರಿ ಕೈಬಿಡುತ್ತಿರುವವನಿದ್ದಾನೆ. ಆದುದರಿಂದ ಇವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಷಯದ ಮೂರು ಮಗ್ಗಲುಗಳೂ ತಿಳಿಯುವುವು.

‘ಮರಳಿ ಮಣ್ಣಿಗೆ’ ಕಡಲ ಕರೆಯ ಕೋಡಿ ಗ್ರಾಮದ ಒಂದು ಮನೆತನದ ಮೂರು ತಲೆಮಾರುಗಳ ಕತೆ. ಅಜ್ಜ ರಾಮ ಐತಾಳರು ಪೌರೋಹಿತ್ಯವನ್ನೂ ಬೇಸಾಯವನ್ನೂ ನಂಬಿ ಬಾಳಿದವರು. ಮಗ ಲಚ್ಚನು ಇಂಗ್ಲಿಷ್ ವಿದ್ಯೆಗೆಂದು ಹೋಗಿ ದುರ್ವ್ಯಸನಕ್ಕೆ ಬಲಿಯಾದವನು. ಮೊಮ್ಮಗ ರಾಮನು ಮದರಾಸಿನಲ್ಲಿ ಓದಿ, ರಾಷ್ಟ್ರೀಯ ಚಳವಳಿಯಲ್ಲಿ ಸೆರೆಮನೆ ಕಂಡು, ಪದವಿ ಪಡೆದು, ಕೆಲಸವನ್ನರಸುತ್ತ ಮುಂಬಯಿಯವರೆಗೆ ಅಲೆದವನು. ಕೊನೆಗೆ ಅವನು ತಾಯಿ ನಾಗವೇಣಿಯಿದ್ದ ಊರಿಗೆ, ಅಜ್ಜನ ಮಣ್ಣಿಗೆ ಮರಳುತ್ತಾನೆ. ಪದವಿಯು ಅನ್ನವನ್ನು ತಂದೇ ತರುವುದೆಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, ಅದು ತರದೆಯೂ ಇರಬಹುದೆಂದು ಕಾರಂತರು ನಿರ್ದಾಕ್ಷಿಣ್ಯವಾಗಿ ತೋರಿಸಿದರು. ಅದರಲ್ಲಿಯೂ ಅವರು ರಾಮನ ವಿದ್ಯೆಯನ್ನು ಹಾಸ್ಯಮಾಡುವುದಿಲ್ಲ; ಊರಿಗೆ ಮರಳಿದುದನ್ನು ಸೋಲೆಂದೂ ಬಗೆಯುವುದಿಲ್ಲ. ಇದು ಆ ಕೃತಿಯ ಹಿರಿಮೆ.

ಆದರೆ ಓದುಗನು ಒಂದು ಸಂಗತಿಯನ್ನು ಗಮನಿಸಬೇಕು. ಕಾದಂಬರಿಯ ಹೆಸರೇ ಅದರ ಮುಗಿತಾಯವನ್ನು ಹೇಳಿಬಿಟ್ಟಿದೆ. ರಾಮನು ಪಟ್ಟಣಗಳಲ್ಲಿ ಅಲೆಯುವಾಗಲೂ ಅವನು ಹಿಂದಿರುಗುವನೆಂಬುದು ನಮಗೆ ತಿಳಿದಿರುತ್ತದೆ. ಆದುದರಿಂದ ಅವನ ಅಲೆದಾಟವು ಮರಳುವಿಕೆಗೆ ಹಾಕಿದ ಸೇತುವೆಯಂತೆ ತೋರುವುದೇ ಹೊರತು, ತನ್ನಷ್ಟಕ್ಕೆ ತಾನು ನಿಲ್ಲುವ ಬಾಳುವೆಯಂತೆ ತೋರುವುದಿಲ್ಲ. ಇದನ್ನು ಕಾರಂತರ ದೋಷವೆನ್ನಲಾಗದು. ಅವರು ಬರೆಯಹೊರಟದ್ದು ಮಣ್ಣಿನ ಕತೆಯನ್ನು. ದೋಷವಿರುವುದು ಅದನ್ನು ಬೋಧಿಸುವವರಲ್ಲಿ. ನೌಕರಿ ಸಿಗದ ತರುಣನಿಗೆ, “ರಾಮನಂತೆ ಹೊಲಕ್ಕೆ ಹೋಗಪ್ಪಾ” ಎಂದು ಬುದ್ಧಿ ಹೇಳಿ ಮುಗಿಸುವುದು ಸುಲಭ. ಕಡಲ ಕರೆಯ ಮಳೆ ಬೇರೆ, ನಮ್ಮ ಅಕ್ಕಲಕೋಟೆಯ ಮಳೆ ಬೇರೆ. ಜೋಳದ ಬೆಳೆಗೂ ಮುಗಿಲು ನೋಡುವ ಈ ಸೀಮೆಯಲ್ಲಿ, ನಾಲ್ವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ತುಂಡು ಹೊಲಕ್ಕೆ ಮರಳುವುದೆಂದರೇನು? ಹೊಲವೇ ಇಲ್ಲದ ಗಿರಣಿ ಕಾಮಗಾರನ ಮೊಮ್ಮಗನು ಎಲ್ಲಿಗೆ ಮರಳಬೇಕು? ಸೊಲ್ಲಾಪುರದಲ್ಲಿ 1877ರಲ್ಲಿ ಆರಂಭವಾದ ಹಳೆಯ ಗಿರಣಿಯು 1960ರ ದಶಕದಲ್ಲಿ ಮುಚ್ಚಿತು. ಲಕ್ಷ್ಮೀ-ವಿಷ್ಣು ಗಿರಣಿಯು 1990ರ ದಶಕದಲ್ಲಿ ನಿಂತಿತು. ಅಜ್ಜನನ್ನು ಕರೆಯುತ್ತಿದ್ದ ಭೋಂಗಾ ಮೊಮ್ಮಗನನ್ನು ಕರೆಯಲಾರದು. ಹೀಗೆ, ಮರಳುವ ಮಣ್ಣಿಲ್ಲದವನ ಹುಡುಕಾಟಕ್ಕೆ ಈ ಕಾದಂಬರಿಯಲ್ಲಿ ಉತ್ತರವಿಲ್ಲ.

ಎರಡನೆಯ ಕೃತಿಗೆ ನಮ್ಮ ಊರಿನ ನಂಟುಂಟು. 1950ರಲ್ಲಿ ಸೊಲ್ಲಾಪುರದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರೇ ಎಂ. ಆರ್. ಶ್ರೀನಿವಾಸಮೂರ್ತಿಗಳು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದುಡಿದ ಅವರು ತಮ್ಮ ಅನುಭವವನ್ನೇ ಮೂಲದ್ರವ್ಯವಾಗಿ ಮಾಡಿಕೊಂಡು ರಂಗಣ್ಣನ ಕತೆಯನ್ನು ಬರೆದರು. ಸ್ನೇಹಿತ ತಿಮ್ಮರಾಯಪ್ಪನ ಇನ್‌ಸ್ಪೆಕ್ಟರಿಕೆಯ ಠೀವಿಯನ್ನು ಕಂಡು ರಂಗಣ್ಣನಿಗೂ ಅಂಥ ಹುದ್ದೆಯ ಆಸೆ ಹುಟ್ಟುತ್ತದೆ; ಆಸೆ ಕೈಗೂಡುತ್ತದೆ; ಜನಾರ್ದನಪುರದ ರೇಂಜಿನಲ್ಲಿ ಅವನು ಪ್ರಾಥಮಿಕ ಶಾಲೆಗಳ ಇನ್‌ಸ್ಪೆಕ್ಟರನಾಗುತ್ತಾನೆ. ದೂರದಿಂದ ಕಂಡ ಠೀವಿಯ ಹಿಂದೆ ಎಷ್ಟು ಸುತ್ತಾಟ, ಎಷ್ಟು ಮುಖಂಡರ ಒತ್ತಡ, ಎಷ್ಟು ಬಡ ಮೇಷ್ಟ್ರುಗಳ ಸಂಸಾರದ ಗೋಳು ಇದೆಯೆಂಬುದು ಅವನಿಗೆ ಹುದ್ದೆ ಸಿಕ್ಕಿದ ಮೇಲೆಯೇ ತಿಳಿದುಬರುತ್ತದೆ. ಹೊಸ ನೌಕರಿಯನ್ನು ಬಯಸುವವರೆಲ್ಲರೂ ಓದಬೇಕಾದ ಪುಸ್ತಕವಿದು. ಹುದ್ದೆಯು ದೊರೆತ ದಿನ ಕನಸು ನನಸಾಗುವುದಿಲ್ಲ, ಅಂದಿನಿಂದ ಕೆಲಸವು ಆರಂಭವಾಗುತ್ತದೆಂಬ ತಿಳಿವಳಿಕೆಯನ್ನು ನಗೆಯೊಡನೆ ಬೆರೆಸಿ ಕೊಟ್ಟ ಇಂಥ ಕೃತಿಗಳು ವಿರಳ.

ಪ್ರಾಥಮಿಕ ಶಿಕ್ಷಕರಾದ ನಮಗೆ ಇದು ಮನೆಯ ಪುಸ್ತಕವಿದ್ದಂತೆ. ಆದರೂ ಒಂದು ಮಾತನ್ನು ಹೇಳಲೇಬೇಕು. ಇಲ್ಲಿಯ ಶಿಕ್ಷಕರನ್ನು ನಾವು ಕಾಣುವುದು ಇನ್‌ಸ್ಪೆಕ್ಟರನ ಕಣ್ಣಿನಿಂದ. ಆ ಕಣ್ಣಿನಲ್ಲಿ ಕರುಣೆಯಿದೆ, ನ್ಯಾಯಬುದ್ಧಿಯಿದೆ. ಆದರೆ ಅದು ಕುರ್ಚಿಯ ಮೇಲೆ ಕುಳಿತವನ ಕಣ್ಣು. ಅರ್ಜಿಯನ್ನು ಹಿಡಿದು ಬಾಗಿಲ ಹೊರಗೆ ನಿಂತವನಿಗೆ ಆ ಕೋಣೆಯು ಹೇಗೆ ಕಾಣುತ್ತದೆ? ಒಳಗೆ ಹೋಗುವ ಮುನ್ನ ಅವನು ಮನಸ್ಸಿನಲ್ಲಿ ಎಷ್ಟು ಸಲ ಆ ಮಾತುಗಳನ್ನು ಜೋಡಿಸಿಕೊಂಡಿರುತ್ತಾನೆ? ಆ ಕತೆಯನ್ನು ಬರೆಯಲು ಮೇಷ್ಟ್ರೇ ಲೇಖನಿ ಹಿಡಿಯಬೇಕು.

‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ. ಚಿತ್ತಾಲರು ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಆ ಲೋಕದ ಒಳಹೊರಗನ್ನು ಬಲ್ಲವರು. ಕಥಾನಾಯಕ ನಾಗಪ್ಪನು ಮುಂಬಯಿಯ ಕಂಪನಿಯೊಂದರ ಅಧಿಕಾರಿ. ಅವನನ್ನು ನೌಕರಿಯಿಂದ ಅಮಾನತಿನಲ್ಲಿಡಲಾಗುತ್ತದೆ. ಮುಂದೇನೆಂದು ತಿಳಿಯದೆ ಅವನು ಕಳೆಯುವ ದಿನಗಳು, ಅವನ ಶಂಕೆ, ಭಯ, ಬಾಲ್ಯದ ನೆನಪು, ತನ್ನನ್ನು ಬೇಟೆಯಾಡುತ್ತಿರುವವರಾರೆಂಬ ಚಿಂತನೆ, ಇವುಗಳಿಂದಲೇ ಕಾದಂಬರಿಯು ಬೆಳೆಯುತ್ತದೆ. ಕಾಯುವಿಕೆಯೆಂಬುದು ಬರಿದಾದ ಕಾಲವಲ್ಲ, ಮನುಷ್ಯನು ತನ್ನನ್ನು ತಾನು ಬಗೆದು ನೋಡಿಕೊಳ್ಳುವ ಕಾಲವೆಂಬುದನ್ನು ನಾವು ಓದಿದ ಮಟ್ಟಿಗೆ ಇಷ್ಟು ಆಳವಾಗಿ ತೋರಿಸಿದ ಕನ್ನಡ ಕಾದಂಬರಿ ಬೇರೊಂದಿಲ್ಲ. ಈ ದೃಷ್ಟಿಯಿಂದ ಮೂರರಲ್ಲಿ ಇದೇ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದದ್ದು.

ಆದರೂ ನಾಗಪ್ಪನಿಗೂ ನಮ್ಮ ತರುಣನಿಗೂ ಒಂದು ಮುಖ್ಯವಾದ ಭೇದವಿದೆ. ನಾಗಪ್ಪನು ಒಳಗಿದ್ದು ಹೊರಗೆ ತಳ್ಳಲ್ಪಡುವವನು. ತನ್ನ ವೈರಿಗಳಿಗೆ ಅವನು ಹೆಸರಿಡಬಲ್ಲನು. ನಮ್ಮ ತರುಣನ ಎದುರಿಗೆ ಬೇಟೆಗಾರನೇ ಇಲ್ಲ. ಉದಾಹರಣೆಗೆ ಶಿಕ್ಷಕನ ನೌಕರಿಯನ್ನೇ ನೋಡೋಣ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಒಂದರಿಂದ ಐದನೆಯ ಇಯತ್ತೆಯವರೆಗಿನ ಶಾಲೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರ ತನಕ ಮೂವರು. ಊರಿನ ನಾಲ್ಕು ತಂದೆತಾಯಿಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಿ ಪಟದಲ್ಲಿಯ ಸಂಖ್ಯೆ 61ರಿಂದ 57ಕ್ಕೆ ಇಳಿಯಿತೆಂದರೆ, ಒಬ್ಬ ಕನ್ನಡ ಶಿಕ್ಷಕನ ಜಾಗವೇ ಮಾಯವಾಗುತ್ತದೆ. ಯಾರನ್ನು ದೂರುವುದು? ಆ ತಂದೆತಾಯಿಗಳು ವೈರಿಗಳಲ್ಲ, “ಕನ್ನಡ ಕಲಿತರೆ ನೌಕರಿ ಎಲ್ಲಿದೆ, ಗುರುಗಳೇ?” ಎಂದು ಕೇಳಿದವರು ಅವರು. ನೌಕರಿಯಿಲ್ಲವೆಂದು ಮಕ್ಕಳು ಬರುವುದಿಲ್ಲ. ಮಕ್ಕಳು ಬಾರದುದರಿಂದ ನೌಕರಿ ಇಲ್ಲವಾಗುತ್ತದೆ. ಈ ವರ್ತುಲವನ್ನು ಬೇಟೆಯ ರೂಪಕದಲ್ಲಿ ಹಿಡಿಯಲು ಬಾರದು.

ಕಾಲದ ಮಾತನ್ನೂ ನೋಡಬೇಕು. ಮಹಾರಾಷ್ಟ್ರದಲ್ಲಿ ಶಿಕ್ಷಕ ಪಾತ್ರತಾ ಪರೀಕ್ಷೆ 2013ರಲ್ಲಿ ಆರಂಭವಾಯಿತು. ಅದರ ಮೇಲೆ ಅಭಿಯೋಗ್ಯತಾ ಪರೀಕ್ಷೆಯೆಂಬ ಇನ್ನೊಂದು ಮೆಟ್ಟಿಲು. ಅದು ಮೊದಲು ನಡೆದದ್ದು 2017ರಲ್ಲಿ, ಎರಡನೆಯ ಸಲ ನಡೆದದ್ದು 2023ರಲ್ಲಿ. ಈ ನಡುವಿನ ವರ್ಷಗಳನ್ನು ಕಾದಂಬರಿಕಾರನು “ಐದು ವರ್ಷಗಳು ಉರುಳಿದವು” ಎಂದು ಒಂದು ಸಾಲಿನಲ್ಲಿ ದಾಟಿಬಿಡಬಲ್ಲನು. ಬಾಳುವವನಿಗೆ ಆ ಸೌಲಭ್ಯವಿಲ್ಲ. ಅವನು ಆ ಐದು ವರ್ಷಗಳಲ್ಲಿ ಖಾಸಗಿ ಶಾಲೆಯಲ್ಲಿ ಅಲ್ಪ ಗೌರವಧನಕ್ಕೆ ಪಾಠ ಹೇಳುತ್ತಾನೆ, ರಜೆಯಲ್ಲಿ ಅಂಗಡಿಯ ಲೆಕ್ಕ ಬರೆಯುತ್ತಾನೆ, ತಂಗಿಯ ಮದುವೆಯಲ್ಲಿ “ಏನು ಮಾಡಿಕೊಂಡಿದ್ದೀ?” ಎಂದು ಸೋದರಮಾವ ಕೇಳಿದಾಗ ಊಟದ ಎಲೆ ಹಾಕುವ ನೆಪದಿಂದ ಎದ್ದುಹೋಗುತ್ತಾನೆ. ಒಂದು ದಿನ ಯಾದಿಯಲ್ಲಿ ಹೆಸರು ಬರುತ್ತದೆ, ಮನೆಯಲ್ಲಿ ಪೇಢೆ ಹಂಚುತ್ತಾರೆ. ಮರುತಿಂಗಳು ಕಾಗದಪತ್ರಗಳ ಪರಿಶೀಲನೆಯಲ್ಲಿ ತಡೆ ಬರುತ್ತದೆ, ಪೇಢೆ ತಿಂದವರಿಗೆ ಮುಖ ತೋರಿಸುವುದು ಕಷ್ಟವಾಗುತ್ತದೆ. ಕನ್ನಡದಲ್ಲಿ ಓದಿ ಮರಾಠಿಯಲ್ಲಿ ಅರ್ಜಿ ಬರೆಯುವ ಅವನು, ವಿಜಯಪುರಕ್ಕೋ ಕಲಬುರಗಿಗೋ ಹೋದರೆ ಮಹಾರಾಷ್ಟ್ರದವನು. ಸೊಲ್ಲಾಪುರಕ್ಕೆ ಬಂದರೆ ಕನ್ನಡ ಮಾಧ್ಯಮದವನು. ಈ ಏರಿಳಿತಗಳೆಲ್ಲ ಕಾದಂಬರಿಯ ಸಾಮಗ್ರಿಯಲ್ಲವೇ?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅರ್ಜಿ, ಅಂಕಪಟ್ಟಿ, ಶುಲ್ಕದ ಪಾವತಿ, ಇಂಥ ಶುಷ್ಕ ವಸ್ತುವಿನಲ್ಲಿ ರಸವೆಲ್ಲಿಂದ ಬರಬೇಕೆಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವು ನಮ್ಮ ಊರಿನ ಕಾವ್ಯದಲ್ಲಿಯೇ ಇದೆ. ರಾಘವಾಂಕನ ‘ಸಿದ್ಧರಾಮಚಾರಿತ್ರ’ವನ್ನು ನೆನೆಯೋಣ. ಸೊನ್ನಲಿಗೆಯ ದನಗಾಹಿ ಹುಡುಗನ ಬಳಿಗೆ ಮಲ್ಲಯ್ಯನು ಜಂಗಮನಾಗಿ ಬಂದು ಉಣಿಸನ್ನು ಬೇಡುತ್ತಾನೆ. ಹುಡುಗನು ಮನೆಗೆ ಓಡಿ, ತಾಯಿಯಿಂದ ಅನ್ನ ಮಜ್ಜಿಗೆ ಪಡೆದು ಬರುವಷ್ಟರಲ್ಲಿ ಜಂಗಮನಿಲ್ಲ. ಅಂದಿನಿಂದ ಹುಡುಕಾಟ. ಯಾತ್ರಿಕರ ಬೆನ್ನು ಹಿಡಿದು ಶ್ರೀಶೈಲಕ್ಕೆ ಹೋಗುತ್ತಾನೆ. ಅಲ್ಲಿ ಗುಡಿಯ ಲಿಂಗವನ್ನು ತೋರಿಸಿದರೆ, ತಾನು ಕಂಡ ಮಲ್ಲಯ್ಯ ಇವನಲ್ಲವೆಂದು ಅಳುತ್ತಾನೆ. ಬೆಟ್ಟ ಕಾಡುಗಳಲ್ಲಿ ಕೂಗುತ್ತ ಅಲೆದು, ಕಾಣದೆ, ಕೊನೆಗೆ ಕಮರಿಗೆ ಬೀಳಲು ಸಿದ್ಧನಾದಾಗ ಮಲ್ಲಯ್ಯನು ಮೈದೋರುತ್ತಾನೆ. ಆ ಮೇಲೆ ಅವನನ್ನು ಸೊನ್ನಲಿಗೆಗೇ ಹಿಂದಕ್ಕೆ ಕಳುಹಿಸಲಾಗುತ್ತದೆ. ಗುಡಿ ಕಟ್ಟುವ, ಕೆರೆ ತೋಡುವ ಕಾಯಕವು ಅಲ್ಲಿ ಅವನಿಗಾಗಿ ಕಾದಿರುತ್ತದೆ.

ದೇವರ ಹುಡುಕಾಟವೆಲ್ಲಿ, ನೌಕರಿಯ ಹುಡುಕಾಟವೆಲ್ಲಿ ಎಂದು ಯಾರೂ ಸಿಟ್ಟಾಗಬಾರದು. ಎರಡನ್ನೂ ಸಮವೆಂದು ನಾವು ಹೇಳುತ್ತಿಲ್ಲ. ನಾವು ತೋರಿಸಬಯಸುವುದು ಕವಿಯ ಕ್ರಮವನ್ನು. ರಾಘವಾಂಕನು ಹುಡುಕಾಟವನ್ನು ಒಂದು ಸಾಲಿನಲ್ಲಿ ದಾಟಲಿಲ್ಲ. ಸಿಕ್ಕಿದ ಸಂತೋಷಕ್ಕಿಂತ ಸಿಗದ ಸಂಕಟಕ್ಕೆ ಅವನ ಕಾವ್ಯದಲ್ಲಿ ಸ್ಥಳ ಹೆಚ್ಚು. ಕೇಳಿದವರೆಲ್ಲ ಬೇರೆ ಬೇರೆ ದಾರಿ ತೋರಿಸುವುದನ್ನು, ಹುಡುಗನು ಪ್ರತಿಯೊಂದು ಸಲವೂ ನಂಬಿ ಪ್ರತಿಯೊಂದು ಸಲವೂ ನಿರಾಶನಾಗುವುದನ್ನು ಅವನು ತಾಳ್ಮೆಯಿಂದ ಚಿತ್ರಿಸಿದನು. ಆದುದರಿಂದಲೇ ಆ ಭಾಗವು ಇಂದಿಗೂ ಓದುಗರ ಕಣ್ಣಲ್ಲಿ ನೀರು ತರಿಸುತ್ತದೆ. ಶತಮಾನಗಳ ಹಿಂದೆ ಕನ್ನಡಕ್ಕೆ ಸಾಧ್ಯವಾದದ್ದು ಇಂದಿನ ಗದ್ಯಕ್ಕೆ ಏಕೆ ಸಾಧ್ಯವಾಗಬಾರದು?

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ‘ಮರಳಿ ಮಣ್ಣಿಗೆ’ಯು ಹುಡುಕಾಟದ ಆಚೆಯ ದಡವನ್ನು ತೋರಿಸಿತು, ‘ರಂಗಣ್ಣನ ಕನಸಿನ ದಿನಗಳು’ ಹುದ್ದೆಯ ಒಳಮನೆಯನ್ನು ತೋರಿಸಿತು, ‘ಶಿಕಾರಿ’ಯು ಕಾಯುವವನ ಮನಸ್ಸನ್ನು ತೋರಿಸಿತು. ಮೂರೂ ದೊಡ್ಡ ಕೃತಿಗಳೇ. ಆದರೆ ಗಡಿಯ ಊರಿನಲ್ಲಿ ಕನ್ನಡ ಓದಿ, ವರ್ಷ ವರ್ಷವೂ ಅರ್ಜಿ ಬರೆಯುತ್ತ, ಬದುಕನ್ನೂ ನಡೆಯಿಸುತ್ತ ಇರುವವನು ಇನ್ನೂ ಪುಟದ ಹೊರಗೇ ನಿಂತಿದ್ದಾನೆ. ಇದರಿಂದ ಆಗುವ ಹಾನಿಯು ಸಾಹಿತ್ಯಕ್ಕೆ ಮಾತ್ರವಲ್ಲ. ತನ್ನಂಥವನ ಕತೆಯನ್ನು ಎಲ್ಲಿಯೂ ಓದದ ತರುಣನು ತನ್ನ ಆ ವರ್ಷಗಳನ್ನು ಲೆಕ್ಕಕ್ಕೆ ಬಾರದ ವರ್ಷಗಳೆಂದು ತಿಳಿಯುತ್ತಾನೆ. ಪಾಠ ಹೇಳಿದ್ದು, ಮನೆಗೆ ನೆರವಾದದ್ದು, ಓದಿದ್ದು ಎಲ್ಲವೂ ಅವನ ಕಣ್ಣಿಗೇ ಸೊನ್ನೆಯಾಗಿ ಕಾಣುತ್ತದೆ. ಈ ತಪ್ಪು ಲೆಕ್ಕವನ್ನು ತಿದ್ದುವ ಶಕ್ತಿ ಒಳ್ಳೆಯ ಕತೆಗಿದೆ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಈ ಮೂರು ಕಾದಂಬರಿಗಳನ್ನು ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ಪರಿಚಯಿಸುವಾಗ ಸಾರಾಂಶ ಬರೆಯಿಸಿ ಬಿಡಬೇಡಿರಿ, “ಇದರಲ್ಲಿ ನಮ್ಮ ಊರಿನವರು ಯಾರಿದ್ದಾರೆ, ಯಾರಿಲ್ಲ?” ಎಂದು ಕೇಳಿರಿ. ಡಿ.ಎಡ್. ಮುಗಿಸಿ ದಾರಿ ನೋಡುತ್ತಿರುವ ತರುಣ ತರುಣಿಯರಲ್ಲಿ ಇನ್ನೊಂದು ವಿನಂತಿ: ಅರ್ಜಿಯ ಪ್ರತಿಯನ್ನು ಕಾಯ್ದಿಡುವಂತೆಯೇ ಅದನ್ನು ಕಳುಹಿಸಿದ ದಿನದ ಸಂಗತಿಯನ್ನೂ ಎರಡು ಸಾಲು ಬರೆದಿಡಿರಿ. ಅಕ್ಕಲಕೋಟೆಯ ಬಸ್ಸಿನಲ್ಲಿ ಯಾರು ಏನೆಂದರು, ಕಚೇರಿಯ ಕಟ್ಟೆಯ ಮೇಲೆ ಯಾರೊಡನೆ ಬುತ್ತಿ ಹಂಚಿಕೊಂಡಿರಿ, ಹಿಂದಿರುಗಿದಾಗ ತಾಯಿ ಏನು ಕೇಳಿದಳು, ಏನು ಕೇಳದೆ ಬಿಟ್ಟಳು, ಇವನ್ನೆಲ್ಲ ಇದ್ದಂತೆಯೇ ಬರೆಯಿರಿ. ಜಯದೇವಿತಾಯಿ ಲಿಗಾಡೆಯವರು ಈ ಊರಿನಲ್ಲಿದ್ದುಕೊಂಡೇ ಸಿದ್ಧರಾಮನ ಪುರಾಣವನ್ನು ಬರೆದರು. 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಸೊಲ್ಲಾಪುರದ ಕನ್ನಡವು ದೊಡ್ಡದನ್ನು ಹೇಳಲಾರದೆಂಬ ಸಂದೇಹಕ್ಕೆ ಆಸ್ಪದವಿಲ್ಲ. ಬರೆದುದನ್ನು ಸಂಘದ ಈ ಪತ್ರಿಕೆಗೆ ಕಳುಹಿಸಿರಿ. ಓದಿ ತಿದ್ದಲು ನಾವು ಸಿದ್ಧರಿದ್ದೇವೆ.